ಎರಡು ನೂಲು ಸಂದು ಬಿಟ್ಟ ಬ್ರೆಡ್ಡು

"ಈ ಭಾನುವಾರ ನೀನು ಅಡುಗೆಮನೆಗೆ ಕಾಲಿಡಕೂಡದು. ಅಡುಗೆ ನಂದು, ಚೀಸು ತುಂಬಿದ ಬ್ರೆಡ್ಡು! ನಿಮ್ಮಮ್ಮ ಬರಬೇಕು, ತಿನ್ನಬೇಕು, ಬೆರಳು ಚೀಪಿಕೊಂಡು 'ಅಳಿಯಂದ್ರೇ, ಇವತ್ತು ಇಲ್ಲೇ ಉಳ್ಕೊಂಡ್ಬಿಡ್ತೀನಿ' ಅನ್ನಬೇಕು. ಅನ್ನಿಸ್ತೀನಿ, ನೋಡ್ತಿರು!"

ಬುಧವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿಗೆ ಕುಟ್ಟಿ ಬಾಗಿಲು ಮೇಸ್ತ್ರಿ ಹೀಗೆ ಘೋಷಿಸಿದ. ಲೋಟದಲ್ಲಿ ಉಳಿದಿದ್ದ ಕಾಫಿ ಹೆಂಡತಿಯ ಆಫೀಸಿನ ಫೈಲಿನ ಮೇಲೆ ಚೆಲ್ಲಿತು. ಅಂಚೆ ಕಚೇರಿಯ ಕೌಂಟರಿನಲ್ಲಿ ಹದಿನೆಂಟು ವರ್ಷದಿಂದ ಠಸ್ಸೆ ಒತ್ತುತ್ತಿದ್ದ ಅವಳು ಒರೆಸುತ್ತಲೇ ಒಂದು ಮಾತು ಒತ್ತಿದಳು.

"ಅಮ್ಮ ಉಳೀಬೇಕಂದ್ರೆ ಬ್ರೆಡ್ಡು ಬೇಡ ರೀ. ಬಚ್ಚಲುಮನೆ ಬಾಗಿಲು ಸರಿಮಾಡಿ ಸಾಕು."

ಮೇಸ್ತ್ರಿಗೆ ಈ ಮಾತು ಕಿವಿಗೆ ಸೀಸ ಕಾಯಿಸಿ ಹೊಯ್ದಂತಾಯಿತು. ಯಾಕಾಗಬಾರದು ಹೇಳಿ? ಇಪ್ಪತ್ತೆರಡು ವರ್ಷದಿಂದ ಅವನು ಮಾಡಿದ್ದು ಒಂದೇ ಕೆಲಸ, ಬಾಗಿಲು. ಕಿಟಕಿ ಕೇಳಿದವರಿಗೆ ಮೂಗು ಮುರಿಯುತ್ತಿದ್ದ, ಮಂಚ ಕೇಳಿದವರಿಗೆ ಪಕ್ಕದ ಅಂಗಡಿ ತೋರಿಸುತ್ತಿದ್ದ. ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲಿ ಹಿಡಿಯುವುದಿಲ್ಲ, ಬೇಸಿಗೆಯಲ್ಲಿ ಕಿರುಗುಟ್ಟುವುದಿಲ್ಲ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಸರಿಯಾಗಿ ಎರಡು ನೂಲು, ಅಂದರೆ ಕಾಲು ಇಂಚು ಸಂದು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ! "ಉಬ್ಬೋಕೆ ಜಾಗ ಬಿಡದೆ ಬಾಗಿಲು ಕೂರಿಸೋನು ಬಡಗಿನೇ ಅಲ್ಲ" ಎಂದು ಕಂಡಕಂಡವರಿಗೆಲ್ಲ ಉಪದೇಶ ಬೇರೆ.

ಇಂಥ ಮಹಾನುಭಾವನ ಸ್ವಂತ ಮನೆಯ ಬಚ್ಚಲುಮನೆ ಬಾಗಿಲು ಆರು ವರ್ಷದಿಂದ ಹಿಡಿಯುತ್ತಿತ್ತು. ಇವತ್ತು ಮಾಡ್ತೀನಿ, ನಾಳೆ ಮಾಡ್ತೀನಿ, ಅದೇನು ಸಣ್ಣ ಕೆಲಸವಾ, ಬಾಗಿಲು ಇಳಿಸಬೇಕು, ಒಂದು ದಿನ ಪೂರ್ತಿ ಹೋಗತ್ತೆ, ಎಂದು ಹೇಳಿಕೊಂಡೇ ಆರು ಮಳೆಗಾಲ ಕಳೆದಿದ್ದ. ಗಂಡ ಹೆಂಡತಿ ಇಬ್ಬರೂ ಅದನ್ನು ಪೂರ್ತಿ ಮುಚ್ಚದೆ, ಒಂದು ಗೇಣು ತೆರೆದಿಟ್ಟು, ಒಳಗಿನಿಂದ ಹಾಡು ಹೇಳಿಕೊಂಡು ಸ್ನಾನ ಮಾಡುವುದನ್ನು ರೂಢಿಸಿಕೊಂಡಿದ್ದರು. ಈ ಏರ್ಪಾಡು ಗೊತ್ತಿಲ್ಲದ ಅತ್ತೆ ಹತ್ತು ತಿಂಗಳ ಹಿಂದೆ ಬಂದವರು ಮರ್ಯಾದಸ್ಥರಂತೆ ಬಾಗಿಲು ಹಾಕಿಕೊಂಡರು. ಆಮೇಲೆ ಐವತ್ತು ನಿಮಿಷ ಒಳಗೇ! ಕೊನೆಗೆ ಅಳಿಯ ದೂರದಿಂದ ಓಡಿಬಂದು ಭುಜ ಕೊಟ್ಟ. ಬಾಗಿಲೇನೋ ತೆರೆಯಿತು, ಆದರೆ ಅವನು ಓಡಿಬಂದ ರಭಸಕ್ಕೆ ಸೀದಾ ನೀರಿನ ಬಕೆಟ್ಟಿನೊಳಗೆ ಕೂತ, ಅತ್ತೆ ಅವನ ಮೇಲೆ ಕೂತರು. ಅವತ್ತು ಒದ್ದೆ ಬಟ್ಟೆಯಲ್ಲೇ ಬಸ್ಸು ಹತ್ತಿದ ಅತ್ತೆ ಮತ್ತೆ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಭಾನುವಾರ ಹೆಂಡತಿಗೆ ನಲವತ್ತೈದು ತುಂಬುತ್ತಿತ್ತು. ಅವಳು ಕೇಳಿದ್ದು ಬಟ್ಟೆಯಲ್ಲ, ಬಂಗಾರವಲ್ಲ. ಅಮ್ಮ ಬಂದು ಒಂದು ರಾತ್ರಿ ಜೊತೆಯಲ್ಲಿ ಮಲಗಬೇಕು, ಅಷ್ಟೇ. ಅಮ್ಮ ಫೋನಿನಲ್ಲಿ, "ಮಧ್ಯಾಹ್ನ ಬರ್ತೀನಿ, ಉಣ್ತೀನಿ, ಮೂರು ಗಂಟೆ ಬಸ್ಸಿಗೆ ಹೊರಡ್ತೀನಿ. ಆ ಬಚ್ಚಲುಮನೆ ಇರೋ ಮನೇಲಿ ರಾತ್ರಿ ಇರೋ ಧೈರ್ಯ ನನಗಿಲ್ಲಮ್ಮ" ಎಂದುಬಿಟ್ಟಿದ್ದರು. ಅದನ್ನು ಹೇಳುವಾಗ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಮೇಸ್ತ್ರಿಯ ಕರುಳು ಚುರುಕ್ ಎಂದಿತ್ತು. ಚುರುಕ್ ಎಂದ ಕರುಳು ಬಾಗಿಲಿನ ಕಡೆಗಲ್ಲವೇ ಓಡಬೇಕಿತ್ತು? ಅದು ಬ್ರೆಡ್ಡಿನ ಕಡೆ ಓಡಿತು!

ಅದಕ್ಕೂ ಕಾರಣವಿತ್ತು. ಹಿಂದಿನ ವಾರ ಪೇಟೆಯ ಒಂದು ಸಣ್ಣ ಹೋಟೆಲಿಗೆ ಹೊಸ ಬಾಗಿಲು ಕೂರಿಸಿ ಬಂದಿದ್ದ. ಅಲ್ಲಿಯ ಅಡುಗೆಯವ ಖುಷಿಯಾಗಿ ಅವನ ಮುಂದೆ ಸ್ಟೀಕು ಎಂಬ ದಪ್ಪ ಮಾಂಸದ ಹೋಳು, ಚೀಸು ತುಂಬಿದ ಬ್ರೆಡ್ಡೊಂದನ್ನು ಇಟ್ಟಿದ್ದ. ಹೊರಗೆ ಕರುಮುರು, ಒಳಗೆ ರಸ ಸುರಿಯುವ ಮಾಂಸ, ಎಳೆದರೆ ಮೊಳದುದ್ದ ಬರುವ ಚೀಸು! ಮೇಸ್ತ್ರಿ ಕೀಲಿಗೆ ಎಣ್ಣೆ ಬಿಡುವ ನೆಪದಲ್ಲಿ ಇನ್ನೂ ಒಂದು ಗಂಟೆ ಅಲ್ಲೇ ನಿಂತು, ಅದನ್ನು ಮಾಡುವ ಬಗೆಯನ್ನೆಲ್ಲ ಕಣ್ಣಲ್ಲೇ ಅಳೆದುಕೊಂಡು ಬಂದಿದ್ದ.

"ಪಂದ್ಯ ಕಟ್ತೀಯಾ?" ಎಂದ ಹೆಂಡತಿಗೆ. "ನಿಮ್ಮಮ್ಮ ಭಾನುವಾರ ರಾತ್ರಿ ಇಲ್ಲಿ ಉಳಿದ್ರೆ, ಜನ್ಮದಲ್ಲಿ ಇನ್ನು ನನ್ನ ಹತ್ರ ಆ ಬಾಗಿಲಿನ ಸುದ್ದಿ ಎತ್ತಬಾರದು."

"ಎತ್ತಲ್ಲ. ಉಳೀದೇ ಹೋದ್ರೆ?"

"ಹೋದ್ರೆ ಸೋಮವಾರ ಅಂಗಡಿ ಮುಚ್ಚಿ ಬಾಗಿಲು ಇಳಿಸ್ತೀನಿ."

"ನೆನಪಿರಲಿ" ಎಂದಳು ಹೆಂಡತಿ.

ಭಾನುವಾರ ಬೆಳಿಗ್ಗೆ ಆರಕ್ಕೇ ಮೇಸ್ತ್ರಿ ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು ಅಡುಗೆಮನೆಗೆ ದಂಡಯಾತ್ರೆ ಹೊರಟ. ಮೊದಲು ಟೇಪು ಹಿಡಿದು ಓವನ್ನಿನ ಒಳಮೈ ಅಳೆದ. ಹದಿನೆಂಟು ಇಂಚು ಅಗಲ, ಹದಿನಾಲ್ಕು ಇಂಚು ಆಳ. ಗೋಡೆಯ ಮೇಲೆ ಬರೆದುಕೊಂಡ. ಹೌದು, ಅಡುಗೆಮನೆಯ ಗೋಡೆಯ ಮೇಲೇ!

ಮಾಂಸದ ವಿಷಯದಲ್ಲಿ ಅವನನ್ನು ಹೊಗಳದೆ ವಿಧಿಯಿಲ್ಲ. ದಪ್ಪ ಕಬ್ಬಿಣದ ಬಾಣಲೆ ಹೊಗೆಯಾಡುವಷ್ಟು ಕಾಯಿಸಿ, ಉಪ್ಪು ಮೆಣಸು ತಿಕ್ಕಿದ ಸ್ಟೀಕನ್ನು ಚೊಂಯ್ ಎನ್ನಿಸಿ, ಎರಡೂ ಮಗ್ಗುಲು ಕಂದುಬಣ್ಣ ಬರಿಸಿ, ಹತ್ತು ನಿಮಿಷ ಆರಲು ಬಿಟ್ಟ. ಆಮೇಲೆ ಕಣ್ಣು ಕಿರಿದು ಮಾಡಿ ನಾರು ಯಾವ ಕಡೆ ಓಡಿದೆ ಎಂದು ನೋಡಿ, ಅದಕ್ಕೆ ಅಡ್ಡಲಾಗಿ ತೆಳ್ಳಗೆ ಹೆರೆದ. ಇಪ್ಪತ್ತೆರಡು ವರ್ಷ ಮರದ ನಾರು ನೋಡಿದ ಕಣ್ಣು! ಒಂದೊಂದು ಹೋಳೂ ಒಂದೇ ದಪ್ಪ. ಈರುಳ್ಳಿ, ದಪ್ಪ ಮೆಣಸಿನಕಾಯಿ, ಅಣಬೆ ಹುರಿದ. ಚೀಸು ಒಂದೂವರೆ ಕಿಲೋ ತುರಿದ.

"ಇಷ್ಟೊಂದು ಯಾಕ್ರೀ? ಮೂರು ಜನ ನಾವು!"

"ಅಂಟು ಕಡಿಮೆ ಆದ್ರೆ ಜೋಡಣೆ ಬಿಟ್ಕೊಳ್ಳತ್ತೆ ಕಣೇ. ನಿನಗೆ ಗೊತ್ತಾಗಲ್ಲ."

ಇನ್ನು ಹಿಟ್ಟು. ಹೋಟೆಲಿನವನ ಬ್ರೆಡ್ಡು ಒಂದು ಗೇಣಿನದು. ನಮ್ಮ ಮೇಸ್ತ್ರಿಗೆ ಅದು ಸಾಲುವುದುಂಟೇ? ಓವನ್ನಿನ ಅಳತೆಗೆ ತಕ್ಕಂತೆ ಮೈದಾ ಏರಿಸಿದ, ಮೈದಾ ಏರಿದಂತೆ ಯೀಸ್ಟು ಏರಿಸಿದ. ನಾದಿದ ಹಿಟ್ಟನ್ನು ಹಲಗೆಯ ಮೇಲೆ ಹರಡಿ, ಮೂಲೆಮಟ್ಟ ಇಟ್ಟು ನಾಲ್ಕೂ ಮೂಲೆ ನೇರ ಮಾಡಿದ. ಮಾಂಸ, ತರಕಾರಿ, ಚೀಸು ತುಂಬಿ ಮಡಚಿದ. ಅಂಚನ್ನು ಬೆರಳಲ್ಲಿ ಒತ್ತಿ ಮುಚ್ಚಿದನೇ? ಛೆ, ಅದು ಸಾಮಾನ್ಯರ ಕೆಲಸ! ಕಪಾಟಿನ ಮೂಲೆಗೆ ಮಾಡುವ ಹಾಗೆ ಹಿಟ್ಟಿನ ಅಂಚಿಗೆ ಹಲ್ಲು ಹಲ್ಲು ಕೊಯ್ದು, ಒಂದರೊಳಗೊಂದು ಕೂರಿಸಿ, ಮೇಲೆ ಎರಡು ಕ್ಲಾಂಪು ಬಿಗಿದು ಅರ್ಧ ಗಂಟೆ ಬಿಟ್ಟ. ಕ್ಲಾಂಪಿನ ಅಡಿಯಲ್ಲಿ ಹಿಟ್ಟು ಉಬ್ಬಲಾರದೆ ಮುನಿಸಿಕೊಂಡು ಕೂತಿತು. ಕ್ಲಾಂಪು ಬಿಚ್ಚಿ ಅಳೆದ. ಹದಿನೇಳೂವರೆ ಇಂಚಿಗೆ ಹದಿಮೂರೂವರೆ. ನಾಲ್ಕೂ ಕಡೆ ಎರಡೆರಡು ನೂಲು ಸಂದು!

ಹೆಂಡತಿ ಬಾಗಿಲಲ್ಲಿ ನಿಂತು ಕತ್ತು ಚಾಚಿದಳು. "ರೀ, ಓವನ್ನಿನ ತುಂಬಾ ಇದೆಯಲ್ಲ. ಹಿಟ್ಟು ಉಬ್ಬಲ್ವಾ?"

"ಉಬ್ಬತ್ತೆ. ಅದಕ್ಕೇ ಎರಡು ನೂಲು ಬಿಟ್ಟಿರೋದು."

"ಎರಡು ನೂಲು ಸಾಕಾ?"

ಮೇಸ್ತ್ರಿ ಕನಿಕರದಿಂದ ನಕ್ಕ. "ನೋಡೇ, ಇಡೀ ಮಳೆಗಾಲ ನೆನೆದ್ರೂ ಗಟ್ಟಿ ಮರ ಉಬ್ಬೋದು ಎರಡೇ ನೂಲು. ಮರಾನೇ ಅಷ್ಟೇ ಉಬ್ಬೋದಾದ್ರೆ, ಈ ಮೆತ್ತಗಿನ ಹಿಟ್ಟು ಮಹಾ ಎಷ್ಟು ಉಬ್ಬೀತು!"

ಬ್ರೆಡ್ಡು ಓವನ್ನಿನೊಳಗೆ ಹೋಯಿತು. ಬಾಗಿಲು ಟಪ್ ಎಂದು ಕೂತಿತು. "ಕೂತಿದ್ದು ನೋಡು, ಹೆಂಗೆ!" ಎಂದು ಮೇಸ್ತ್ರಿ ಎದೆಯುಬ್ಬಿಸಿದ. ಒಳಗೆ ಇನ್ನೊಂದು ವಸ್ತುವೂ ಉಬ್ಬಲು ಶುರುವಿಟ್ಟಿತ್ತು.

ಸರಿಯಾಗಿ ಹನ್ನೆರಡೂವರೆಗೆ ಅತ್ತೆ ಬಂದರು. ಮೂವತ್ತೆಂಟು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ಹಿರಿಯ ನರ್ಸಾಗಿದ್ದು, ಅರ್ಧ ಊರನ್ನು ಕೈಯಾರೆ ಭೂಮಿಗೆ ಇಳಿಸಿದವರು. ದನಿ ಎಂದರೆ ದನಿ! ಕೈಯಲ್ಲಿ ಪುಟ್ಟ ಕೈಚೀಲ ಮಾತ್ರ ಇತ್ತು, ಬಟ್ಟೆಯ ಚೀಲವಿಲ್ಲ. ಅದನ್ನು ನೋಡಿ ಹೆಂಡತಿಯ ಮುಖ ಸಣ್ಣಗಾಯಿತು.

"ಎಲ್ಲಿ ಅಳಿಯಂದ್ರು?" ಎಂದು ಅತ್ತೆ ನೇರ ಅಡುಗೆಮನೆಗೇ ಬಂದರು. ಮೇಸ್ತ್ರಿ ಆಗ ಹಲಗೆ ಶುಚಿ ಮಾಡುತ್ತಿದ್ದ. ಮರದ ಹುಡಿ ಕಂಡರೆ ಬಡಗಿ ಏನು ಮಾಡುತ್ತಾನೆ? ಊದುತ್ತಾನೆ. ಮೈದಾ ಹುಡಿಯನ್ನೂ ಅವನು ಹಾಗೇ, ಕೆನ್ನೆಯುಬ್ಬಿಸಿ, ಉಸಿರು ಕಟ್ಟಿ ಊದಿದ. ಫೂ! ಹಲಗೆ ಲಕಲಕ ಹೊಳೆಯಿತು. ಮೋಡ ಕರಗಿದ ಮೇಲೆ ನೋಡಿದರೆ ಬಾಗಿಲಲ್ಲಿ ಅತ್ತೆ! ತಲೆ, ಹುಬ್ಬು, ಕನ್ನಡಕದ ಎರಡೂ ಗಾಜು, ಎಲ್ಲ ಬೆಳ್ಳಗೆ.

"ಯಾರದು, ಅಳಿಯಂದ್ರಾ? ನನಗೇನೂ ಕಾಣ್ತಿಲ್ಲ" ಎಂದರು ಅತ್ತೆ.

ಅಡುಗೆಮನೆಯ ಸಿಂಕಿನಲ್ಲಿ ಬಾಣಲೆಗಳು ಗುಡ್ಡೆಬಿದ್ದಿದ್ದವು. ಮುಖ ತೊಳೆಯಲು ಬಚ್ಚಲುಮನೆಗೇ ಹೋಗಬೇಕು. ಅತ್ತೆ ಎರಡು ನಿಮಿಷ ಯೋಚಿಸಿದರು. ಆಮೇಲೆ ಬಾಗಿಲನ್ನು ಒಂದು ಗೇಣು ತೆರೆದೇ ಇಟ್ಟು, "ಈ ಬಾಗಿಲನ್ನ ಯಾರೂ ಮುಟ್ಟಕೂಡದು! ಹುಷಾರ್!" ಎಂದು ಗುಡುಗಿ ಒಳಹೊಕ್ಕರು.

ಅದೇ ಹೊತ್ತಿಗೆ ಅಡುಗೆಮನೆಯಿಂದ ಹೆಂಡತಿ ಚೀರಿದಳು. "ರೀ! ಓಡಿ ಬನ್ನಿ! ಬ್ರೆಡ್ಡು ನಮ್ಮನ್ನೇ ನೋಡ್ತಿದೆ!"

ನೋಡುತ್ತಿದ್ದದ್ದು ನಿಜ. ಓವನ್ನಿನ ಗಾಜಿಗೆ ಒಳಗಿನಿಂದ ಮುಖವೊತ್ತಿಕೊಂಡು, ಕೆನ್ನೆ ಚಪ್ಪಟೆಯಾಗಿ, ಬ್ರೆಡ್ಡು ನಿಂತಿತ್ತು. ಮೇಲೆ ಸಂದಿಲ್ಲ, ಕೆಳಗೆ ಸಂದಿಲ್ಲ. ಹಲ್ಲಿನ ಜೋಡಣೆಯಿಂದ ನುಸುಳಿದ ಚೀಸು ಬಾಗಿಲಿನ ಸುತ್ತಲೂ ಹರಿದು, ಒಣಗಿ, ಅಂಟಿನಂತೆ ಹಿಡಿದಿತ್ತು. ಮೇಸ್ತ್ರಿ ಹಿಡಿ ಹಿಡಿದು ಎಳೆದ. ಬರಲಿಲ್ಲ. ಕಾಲು ಕೊಟ್ಟು ಎಳೆದ. ಬಂತು, ಹಿಡಿ ಮಾತ್ರ ಬಂತು!

ಜೀವಮಾನದಲ್ಲಿ ಮೊದಲ ಸಲ ಬಾಗಿಲು ಮೇಸ್ತ್ರಿಯ ಕೈಯಲ್ಲಿ ಒಂದು ಬಾಗಿಲು ತೆರೆಯಲಿಲ್ಲ. ಕಿತ್ತ ಹಿಡಿಯನ್ನು ಹೆಂಡತಿಯ ಕೈಗಿಟ್ಟು ಸ್ಕ್ರೂಡ್ರೈವರ್ ತರಲು ಓಡಿದ. ದಾರಿಯಲ್ಲಿ ಬಚ್ಚಲುಮನೆ. ಅದರ ಬಾಗಿಲು ಒಂದು ಗೇಣು ತೆರೆದಿತ್ತು. ಈಗ ನೀವೇ ಹೇಳಿ, ಇಪ್ಪತ್ತೆರಡು ವರ್ಷ ಬಾಗಿಲು ಕೂರಿಸಿದ ಕೈ ಅರೆತೆರೆದ ಬಾಗಿಲನ್ನು ಕಂಡು ಸುಮ್ಮನಿದ್ದೀತೇ? ತಲೆ ಬ್ರೆಡ್ಡಿನಲ್ಲಿತ್ತು, ಕೈ ತನ್ನ ಪಾಡಿಗೆ ತಾನು ಬಾಗಿಲನ್ನು ಎಳೆದು ಹಾಕಿತು. ಧಡ್!

ಆಮೇಲೆ ಒಳಗಿನಿಂದ ದನಿ ಬಂತು, ಬಹಳ ಶಾಂತವಾದ ದನಿ.

"ಅಳಿಯಂದ್ರೇ, ನೀವೇ ತಾನೆ?"

ಮೇಸ್ತ್ರಿ ಬಾಗಿಲಿಗೆ ಬಾಯಿ ಹಚ್ಚಿದ. "ಅತ್ತೆ... ಕೈತಪ್ಪಿ... ಒಂದ್ನಿಮಿಷ, ಭುಜ ಕೊಡ್ತೀನಿ..."

"ಭುಜ ಕೊಟ್ರೆ ನೋಡಿ! ಹೋದ ಸಲದ ಮಂಡಿನೋವೇ ಇನ್ನೂ ಹೋಗಿಲ್ಲ. ಅದಿರಲಿ, ಏನೋ ಸೀಯೋ ವಾಸನೆ ಬರ್ತಿದೆಯಲ್ಲ?"

"ಅಮ್ಮಾ, ಬ್ರೆಡ್ಡು ಓವನ್ನಲ್ಲಿ ಸಿಕ್ಕಾಕೊಂಡಿದೆ! ಬಾಗಿಲು ತೆಗೆಯೋಕಾಗ್ತಿಲ್ಲ!" ಹೆಂಡತಿ ಅಳುವ ದನಿಯಲ್ಲಿ ಕೂಗಿದಳು.

ಸಿಕ್ಕಿಹಾಕಿಕೊಂಡಿದೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತೆಯ ಮೈಮೇಲೆ ಮೂವತ್ತೆಂಟು ವರ್ಷದ ಸರ್ವೀಸು ಬಂದುಬಿಟ್ಟಿತು!

"ಯಾರೂ ಗಾಬರಿ ಆಗಬೇಡಿ! ಮೊದಲು ಅದನ್ನ ನೋಡಿ, ನಾನೆಲ್ಲೂ ಓಡಿಹೋಗಲ್ಲ. ಸ್ವಿಚ್ಚು ಆರಿಸಿದ್ರಾ? ಆರಿಸಿ! ಅಳಿಯಂದ್ರೇ, ಜಗ್ಗಬೇಡಿ. ಜಗ್ಗಿದ್ರೆ ಹರಿಯತ್ತೆ. ಮಗೂ, ದಪ್ಪ ಟವೆಲ್ ಹಿಡ್ಕೊಂಡು ರೆಡಿ ನಿಂತ್ಕೋ!"

ಮೇಸ್ತ್ರಿ ಚರ್ಮದ ಕೈಗವಸು ತೊಟ್ಟು ಓವನ್ನಿನ ಮುಂದೆ ಮಂಡಿಯೂರಿದ. ಅಕ್ಕಪಕ್ಕದ ನಾಲ್ಕು ಸ್ಕ್ರೂ ಬಿಚ್ಚಿದ. ನಾಲ್ಕೇ ನಿಮಿಷ! ಚೀಸಿನ ಎಳೆಗಳನ್ನು ಕತ್ತರಿಸಿ ಇಡೀ ಬಾಗಿಲನ್ನು ಎತ್ತಿ ಪಕ್ಕಕ್ಕಿಟ್ಟ.

"ಬಾಗಿಲು ಬಂತು ಅತ್ತೆ!"

"ಶಭಾಷ್! ಈಗ ಎಷ್ಟು ಕಾಣ್ತಿದೆ?"

"ಒಂದಿಂಚು ಹೊರಗೆ ಬಂದಿದೆ. ಸುತ್ತಲೂ ಗೋಡೆಗೆ ಕಚ್ಕೊಂಡಿದೆ!"

"ತೆಳ್ಳಗಿರೋದು ಏನಾದ್ರೂ ಇದೆಯಾ? ತೊಳೆದು, ಎಣ್ಣೆ ಸವರಿ, ಸುತ್ತಲೂ ನಿಧಾನ ಆಡಿಸಿ. ಅವಸರ ಮಾಡಿದ್ರೆ ಗೊತ್ತಲ್ಲ!"

ಉಕ್ಕಿನ ಸ್ಕೇಲು ತೊಳೆದು, ಎಣ್ಣೆ ಸವರಿ ಮೇಸ್ತ್ರಿ ಸುತ್ತಲೂ ಆಡಿಸಿದ. ಹಣೆಯಿಂದ ಬೆವರು ಹನಿಯಿತು. ಹೆಂಡತಿ ಒಂದು ಕೈಯಲ್ಲಿ ಟವೆಲ್ಲು ಹಿಡಿದು ಇನ್ನೊಂದರಲ್ಲಿ ಅವನ ಹಣೆ ಒರೆಸಿದಳು.

"ಅಲುಗಾಡ್ತಾ?"

"ಅಲುಗಾಡ್ತು ಅತ್ತೆ!"

"ಹಾಂ! ಇನ್ನು ತಾನಾಗೇ ಬರತ್ತೆ. ಕೆಳಗೆ ಕೈ ಕೊಡಿ. ಉಸಿರು ಬಿಡಿ. ನೀವು ಬಿಡ್ರೀ ಉಸಿರು, ಬ್ರೆಡ್ಡಲ್ಲ! ಹಾಂ, ಬರ್ಲಿ, ಬರ್ಲಿ, ಬರ್ಲೀ..."

ಪ್ಲಕ್! ಹೆಂಡತಿ ಹಿಡಿದ ಟವೆಲ್ಲಿನ ಮೇಲೆ ಬ್ರೆಡ್ಡು ಬಂದು ಬಿತ್ತು. ಹೊನ್ನಿನ ಬಣ್ಣ, ತಲೆದಿಂಬಿನ ಗಾತ್ರ, ಮೈಯೆಲ್ಲ ಹಬೆ. ಎಡಗಡೆ ಒಂದಿಷ್ಟು ಕಪ್ಪಾಗಿದ್ದು ಬಿಟ್ಟರೆ ಎಲ್ಲೂ ಊನವಿಲ್ಲ. ಒಂದು ಹಲ್ಲಿನಿಂದ ಚೀಸು ಗುಳುಗುಳು ಎಂದು ಉಕ್ಕಿತು.

"ತೂಕ ಎಷ್ಟು?" ಒಳಗಿನಿಂದ ಪ್ರಶ್ನೆ ಬಂತು. ಮೂವತ್ತೆಂಟು ವರ್ಷದ ಅಭ್ಯಾಸ!

ಹೆಂಡತಿ ತೂಗಿದಳು. "ನಾಲ್ಕೂವರೆ ಕಿಲೋ ಅಮ್ಮಾ!"

"ಅಬ್ಬಬ್ಬಾ! ಗಟ್ಟಿ ಪಿಂಡ!"

ಮೇಸ್ತ್ರಿಗೆ ಆನಂದಬಾಷ್ಪವೇ ಬಂತು. ಹೆಂಡತಿ ನಗುತ್ತಾ ಅವನ ಭುಜಕ್ಕೆ ತಲೆಯಿಟ್ಟಳು. ಮರ ಕೊಯ್ಯುವ ಗರಗಸ ಬೇಡವೆಂದು ಅವಳು, ಅದೇ ಸರಿ ಎಂದು ಇವನು ಒಂದಿಷ್ಟು ವಾದ ಮಾಡಿದರು. ಕೊನೆಗೆ ಚಾಕುವಿನಲ್ಲೇ ಕೊಯ್ದರು. ಕರುಮುರು ಎಂದಿತು! ಒಳಗೆ ಮೂರು ಪದರ ಮಾಂಸ, ಮೂರು ಪದರ ಚೀಸು. ಒಂದು ತುಂಡು ಹೆಂಡತಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಮೇಸ್ತ್ರಿ ಎರಡು ತುಂಡು ತಿಂದು ಮೀಸೆ ತಿರುವಿದ. ಮೂರನೆಯದಕ್ಕೆ ಕೈ ಹಾಕಿದ.

"ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂತಾಯ್ತು" ಎಂದಿತು ಬಚ್ಚಲುಮನೆ. "ಈಗ ಹೆರಿಗೆ ಮಾಡಿಸಿದವಳನ್ನ ಯಾರಾದ್ರೂ ಹೊರಗೆ ತೆಗೀತೀರಾ, ಹೇಗೆ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮರೆತೇಬಿಟ್ಟಿದ್ದರು!

ಮೇಸ್ತ್ರಿ ಸ್ಟೂಲು ಹತ್ತಿ, ಬಾಗಿಲ ಮೇಲಿನ ಗಾಳಿಕಿಂಡಿಯಲ್ಲಿ ಮುಖ ತೂರಿಸಿದ. ಮೊದಲು ತಟ್ಟೆಯಲ್ಲಿ ಎರಡು ತುಂಡು ಬ್ರೆಡ್ಡು ಇಳಿಸಿದ. ಲಂಚ ಎಂದೇ ತಿಳಿಯಿರಿ. ಅತ್ತೆ ಮಗುಚಿಟ್ಟ ಬಕೆಟ್ಟಿನ ಮೇಲೆ ರಾಣಿಯಂತೆ ಕೂತು, ನಿಧಾನವಾಗಿ ಅಗಿದರು. ಮೇಸ್ತ್ರಿ ಅವರ ಬಾಯನ್ನೇ ನೋಡುತ್ತಿದ್ದ.

"ಅಳಿಯಂದ್ರೇ."

"ಹೇಳಿ ಅತ್ತೆ."

"ಅರವತ್ತೆಂಟು ವರ್ಷದಲ್ಲಿ ಇಂಥದ್ದು ತಿಂದಿರಲಿಲ್ಲ. ಇನ್ನೊಂದು ತುಂಡು ಕೊಡಿ. ಬಾಗಿಲು ಆಮೇಲೆ."

ಮೇಸ್ತ್ರಿ ಸ್ಟೂಲಿನ ಮೇಲೇ ಕುಣಿದ. ಸ್ಟೂಲು ಅಲುಗಾಡಿತು, ಅದರ ಕಾಲನ್ನೂ ನಾಲ್ಕು ವರ್ಷದಿಂದ ಸರಿಮಾಡಿರಲಿಲ್ಲ.

ಮೂರನೆಯ ತುಂಡು ಮುಗಿದ ಮೇಲೆ ಬಾಗಿಲಿನ ಮಾತು ಬಂತು. ಕೀಲುಗಳು ಒಳಗಡೆ ಇದ್ದವು, ಹೊರಗಿನಿಂದ ಏನೂ ಮಾಡುವಂತಿರಲಿಲ್ಲ. ಮೇಸ್ತ್ರಿ ಸಣ್ಣ ಸುತ್ತಿಗೆ, ಸ್ಕ್ರೂಡ್ರೈವರ್ ಇಳಿಸಿ, "ಮೂರು ಕೀಲು ಇವೆ ಅತ್ತೆ. ಒಂದೊಂದರ ನಡುವೆ ಒಂದು ಕಡ್ಡಿ ಇದೆ. ಕೆಳಗಿಂದ ಮೇಲಕ್ಕೆ ತಟ್ಟಿ ತೆಗೀಬೇಕು. ಬಹಳ ನಾಜೂಕಿನ ಕೆಲಸ, ಕಲಿಯೋಕೆ ವರ್ಷಗಟ್ಟಲೆ..." ಎನ್ನುವಷ್ಟರಲ್ಲಿ ಟಣ್! ಮೊದಲ ಕಡ್ಡಿ ನೆಲಕ್ಕೆ ಬಿತ್ತು. ಟಣ್! ಎರಡನೆಯದು. ಮೂರನೆಯದು ಸ್ವಲ್ಪ ಹಟ ಮಾಡಿತು. "ಬಾರಮ್ಮ, ಬಾ" ಎಂದು ಅತ್ತೆ ಗದರಿದ ಮೇಲೆ ಅದೂ ಬಂತು. ಬಾಗಿಲು ಪಕ್ಕಕ್ಕೆ ವಾಲಿತು. ಹಿಂದೆ ಅತ್ತೆ, ಸುತ್ತಿಗೆ ಹಿಡಿದು ನಿಂತಿದ್ದರು.

"ಎಷ್ಟು ಹೊತ್ತಾಯ್ತೇ?" ಎಂದು ಮಗಳನ್ನು ಕೇಳಿದರು.

"ಆರು ನಿಮಿಷ ಅಮ್ಮಾ."

"ಆರು ನಿಮಿಷ" ಎಂದರು ಅತ್ತೆ, ಅಳಿಯನ ಮುಖವನ್ನೇ ನೋಡುತ್ತಾ. "ಈ ಬಾಗಿಲು ಸರಿಹೋಗೋಕೆ ಅಂಚು ಎಷ್ಟು ಹೆರೀಬೇಕು?"

ಮೇಸ್ತ್ರಿ ನೆಲ ನೋಡಿದ. "ಎರಡು... ನೂಲು."

"ಎರಡು ನೂಲಾ! ಎರಡು ನೂಲಿಗೆ ಆರು ವರ್ಷನಾ?"

ಮೇಸ್ತ್ರಿಯ ಮುಖದಲ್ಲಿ ನೀರಿಳಿಯಿತು. ಅತ್ತೆ ಕೈ ಚಾಚಿ ಅವನ ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ತಮ್ಮ ಕಿವಿಗೆ ಸಿಕ್ಕಿಸಿಕೊಂಡರು. "ಹೆರೆಯೋ ಸಾಮಾನು ಎಲ್ಲಿದೆ ತೋರಿಸಿ. ಇದನ್ನ ಮುಗಿಸದೆ ನಾನು ಹೊರಡಲ್ಲ. ಮಗೂ, ನಿನ್ನದೊಂದು ಹಳೇ ನೈಟಿ ಕೊಡು."

ಹೆಂಡತಿ ಕುಣಿದುಕೊಂಡು ಬೀರುವಿನ ಕಡೆ ಓಡಿದಳು. ಪಂದ್ಯ ಗೆದ್ದವನು ಯಾರು? ಮೇಸ್ತ್ರಿಯೇ! ಅತ್ತೆ ರಾತ್ರಿ ಉಳಿದರು. ಒಂದು ರಾತ್ರಿಯಲ್ಲ, ಹತ್ತು ರಾತ್ರಿ! ಬಚ್ಚಲುಮನೆ ಬಾಗಿಲು ಮಂಗಳವಾರಕ್ಕೆ ಸರಿಯಾಯಿತು, ಬುಧವಾರ ಸ್ಟೂಲಿನ ಕಾಲು, ಗುರುವಾರ ಓವನ್ನಿನ ಹಿಡಿ. ಕೊಟ್ಟ ಮಾತಿನಂತೆ ಹೆಂಡತಿ ಬಾಗಿಲಿನ ಸುದ್ದಿಯನ್ನು ಗಂಡನ ಹತ್ತಿರ ಎತ್ತಲೇ ಇಲ್ಲ.

ಮುಂದಿನ ಭಾನುವಾರ ಮೇಸ್ತ್ರಿ ಎರಡನೆಯ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದ. ಈ ಸಲ ಒಂದು ಗೇಣಿನದು, ಸುತ್ತಲೂ ಐದಿಂಚು ಸಂದು. ಕೈ ಮೊಣಕೈವರೆಗೆ ಹಿಟ್ಟು. ಅವನ ಫೋನು ಹೊಡೆದುಕೊಂಡಿತು. ಹೆಂಡತಿ ಎತ್ತಿದಳು.

"ಹಲೋ? ಹೌದು, ಮೇಸ್ತ್ರಿಯವರ ಮನೆ. ಹೌದಾ? ನಿಮ್ಮನೇಲೂ ಬಾಗಿಲು ಹಿಡೀತಿದ್ಯಾ?"

ಮೇಸ್ತ್ರಿ ಗತ್ತಿನಿಂದ ಗಂಟಲು ಸರಿಮಾಡಿಕೊಂಡು, ಹಿಟ್ಟಿನ ಕೈಯನ್ನು ಫೋನಿಗೆ ಚಾಚಿದ.

ಹೆಂಡತಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. "ಇಲ್ಲ ಇಲ್ಲ, ಅವರು ಬ್ರೆಡ್ಡು ನೋಡ್ಕೋತಾರೆ. ಬಾಗಿಲಾದ್ರೆ ಒಂದ್ನಿಮಿಷ ಇರಿ, ಅಮ್ಮನ್ನ ಕರೀತೀನಿ."